ಬೇಲಿಯಾಚೆಗೆ ಹೋದ ಹಿಟ್ಟು

ಅದು ಶನಿವಾರ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ, ಭಾನುವಾರವೂ ಇದ್ದೀತು. ಮಳೆ ಸುರಿಯುತ್ತಿತ್ತು ಎಂದೂ ಸೇರಿಸುತ್ತೇನೆ. ಆಕ್ಲೆಂಡಿನ ಕತೆಗೆ ಮಳೆ ಸೇರಿಸಿದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಪೆನ್‌ರೋಸ್ ಬಡಾವಣೆಯ ಪ್ರಯೋಗಾಲಯವೊಂದರಲ್ಲಿ ಬಣ್ಣದ ಗುಣಮಟ್ಟ ಪರೀಕ್ಷಿಸುವವನು ನಾನು. ಮೂರು ಸಲ ಅಳೆಯದೆ ಒಂದು ಅಂಕಿಯನ್ನೂ ಬರೆಯುವುದಿಲ್ಲ. ಈ ಕತೆಯನ್ನು ಮಾತ್ರ ಒಮ್ಮೆಯೂ ಅಳೆಯದೆ ಏಳು ವರ್ಷ ಹೇಳಿದ್ದೇನೆ. ಅದೂ ಹೆಂಡತಿಯ ಎದುರಿಗೇ, ತಪ್ಪನ್ನು ಅವಳ ಮೇಲೆ ಹಾಕಿ.

ನಾವಿಬ್ಬರೂ ಒಪ್ಪುವ ಭಾಗ ಹೀಗಿದೆ. ಮನುಕಾವ್ ಹತ್ತಿರದ ನಮ್ಮ ಮನೆಯ ಬೇಲಿಯಾಚೆ ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಒಬ್ಬ ಆಂಟಿ ಇದ್ದರು. ಅವರ ತಮ್ಮ ಹತ್ತು ಹನ್ನೆರಡು ವರ್ಷದ ಮೇಲೆ ಆಸ್ಟ್ರೇಲಿಯಾದಿಂದ ಬರುವವನಿದ್ದ. ತಮ್ಮ ತಾಯಿ ಮಾಡುತ್ತಿದ್ದಂಥ ಫ್ರೈ ಬ್ರೆಡ್ ಬೇಕೆಂದು ಫೋನಿನಲ್ಲೇ ಹೇಳಿದ್ದ. ಮೈದಾಹಿಟ್ಟಿಗೆ ಯೀಸ್ಟ್ ಹಾಕಿ ಕಲಸಿ, ಉಬ್ಬಿದ ಮೇಲೆ ಚೌಕ ಚೌಕವಾಗಿ ಕತ್ತರಿಸಿ ಎಣ್ಣೆಯಲ್ಲಿ ಕರಿಯುವ ರೊಟ್ಟಿ ಅದು. ಆ ವಾರವೇ ಆಂಟಿ ಮೆಟ್ಟಿಲಲ್ಲಿ ಜಾರಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು.

"ನಿನ್ನ ಕೈ ಕೊಡು ಬಾಯ್, ಬುದ್ಧಿ ನನ್ನದೇ ಇರಲಿ," ಎಂದರು.

ಬೆಳಿಗ್ಗೆ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಅವರು ಹೇಳುತ್ತ ಹೋದರು, ನಾನು ಕಲಸುತ್ತ ಹೋದೆ. "ಮೆಲ್ಲಗೆ, ಮೆಲ್ಲಗೆ. ಆ ಹಿಟ್ಟು ನಿನಗೇನು ಅನ್ಯಾಯ ಮಾಡಿದೆ?" ಎಂದು ನಡುನಡುವೆ ಗದರಿದರು. ನಮ್ಮ ಮನೆಯಲ್ಲೇ ಕಲಸಲು ಕಾರಣ ಬಿಸಿನೀರಿನ ಕಪಾಟು. ಅವರ ಮನೆಗೆ ಹೊಸ ಗ್ಯಾಸ್ ಹೀಟರ್ ಬಂದು ಅದು ಇಲ್ಲವಾಗಿತ್ತು. ನಮ್ಮಲ್ಲಿ ನೀರಿನ ಸಿಲಿಂಡರ್ ನಿಂತ ಆ ಹಳೆಯ ಕಪಾಟು ಇನ್ನೂ ಇದೆ. ಟವೆಲ್ಲು ಒಣಗುವುದೂ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರುವುದೂ ಅಲ್ಲೇ. ಪಾತ್ರೆಗೆ ಬಟ್ಟೆ ಮುಚ್ಚಿ ಒಳಗಿಟ್ಟೆ. ಪಕ್ಕದಲ್ಲಿ ಅಂಥದ್ದೇ ಸ್ಟೀಲ್ ಪಾತ್ರೆ, ಅಂಥದ್ದೇ ಬಟ್ಟೆ. ಅದರಲ್ಲಿದ್ದುದು ಮಂಗಳೂರು ಕಡೆಯವಳಾದ ನನ್ನ ಹೆಂಡತಿ ಹಿಂದಿನ ರಾತ್ರಿ ಬಾಳೆಹಣ್ಣು, ಮೊಸರು, ಜೀರಿಗೆ ಹಾಕಿ ಕಲಸಿದ್ದ ಬನ್ಸ್ ಹಿಟ್ಟು. ಅವಳು ನರ್ಸ್, ಅಂದು ಬೆಳಗಿನ ಡ್ಯೂಟಿಗೆ ಹೋಗಿದ್ದಳು.

ಮಧ್ಯಾಹ್ನ ಒಂದು ಪಾತ್ರೆ ಎತ್ತಿಕೊಂಡು ಬೇಲಿಯಾಚೆ ಹೋದೆ. ಆಂಟಿಗೆ ನೆಗಡಿ, ಮೂಗು ಕಟ್ಟಿತ್ತು. ಹಿಟ್ಟು ನೋಡಿ, "ಇಷ್ಟು ಅಂಟು ಯಾಕೆ?" ಎಂದರು. ಯೀಸ್ಟ್ ಚೆನ್ನಾಗಿ ಕೆಲಸ ಮಾಡಿದೆ ಎಂದು ವಿವರಿಸಿದೆ. "ಈ ಕಡ್ಡಿ ಕಡ್ಡಿ ಏನು?" ಗೋಧಿಯ ತೌಡಿರಬೇಕು ಎಂದೆ. ಎಣ್ಣೆಗೆ ಬಿಟ್ಟ ಚೌಕಗಳು ಬೇಗನೆ ಕಂದುಬಣ್ಣಕ್ಕೆ ತಿರುಗಿದವು. ಅದಕ್ಕೂ ನನ್ನ ಬಳಿ ಒಂದು ಕಾರಣವಿತ್ತು. ಓದಿದವರಿಗೆ ಕಾರಣಗಳ ಬರವಿಲ್ಲ.

ತಮ್ಮ ಬಂದ. ಅಕ್ಕನನ್ನು ಅಪ್ಪಿಕೊಂಡು ಅತ್ತ. ಮೇಜಿಗೆ ಕುಳಿತು ಒಂದು ರೊಟ್ಟಿ ಮುರಿದು ಬೆಣ್ಣೆ ಸವರಿ ಬಾಯಿಗಿಟ್ಟ. ಅಗಿಯುವುದು ನಿಂತಿತು. ಅಕ್ಕನ ಪ್ಲಾಸ್ಟರನ್ನು ದಿಟ್ಟಿಸಿ ಕೇಳಿದ: "ಅಕ್ಕಾ, ಮುರಿದದ್ದು ಕೈಯೋ ನಾಲಿಗೆಯೋ?"

ಆಂಟಿ ಒಂದು ಚೂರು ತಿಂದು ನೋಡಿದರು. ಮೂಗು ಕೈಕೊಟ್ಟರೂ ಹಲ್ಲಿಗೆ ಜೀರಿಗೆ ಸಿಕ್ಕಿತು. ನನ್ನ ಕಡೆ ತಿರುಗಿದರು. ಅದೇ ಹೊತ್ತಿಗೆ, ನನ್ನ ನೆನಪು ಅಲಂಕಾರ ಮಾಡುತ್ತಿಲ್ಲವಾದರೆ, ಬೇಲಿಯ ಆಚೆಯಿಂದ ಹೆಂಡತಿಯ ದನಿ ಕೇಳಿಸಿತು: "ಎಂತ ಮಾರಾಯ್ರೆ, ನನ್ನ ಬನ್ಸಿನ ಹಿಟ್ಟು ಎಲ್ಲಿ ಉಂಟು?"

ತಮ್ಮ ಗೋಲ್ಡನ್ ಸಿರಪ್ ಎಂಬ ಸಕ್ಕರೆ ಪಾಕ ಸುರಿದುಕೊಂಡು ನಾಲ್ಕು ತಿಂದ. "ಅಮ್ಮ ನೋಡಿದ್ದರೆ ನಿನ್ನನ್ನು ಅಡುಗೆಮನೆಯಿಂದ ಓಡಿಸುತ್ತಿದ್ದಳು," ಎಂದು ನನಗೆ ಹೇಳಿ ಐದನೆಯದಕ್ಕೆ ಕೈ ಚಾಚಿದ. ಕಪಾಟಿನಲ್ಲೇ ಉಳಿದ ಅಸಲಿ ಹಿಟ್ಟು ಅಷ್ಟರಲ್ಲಿ ಅತಿಯಾಗಿ ಉಬ್ಬಿ, ಹುಳಿ ಬಂದು ಕುಸಿದಿತ್ತು. ಅಷ್ಟು ವರ್ಷ ಕಾದದ್ದು ಅವನಿಗೆ ಸಿಗಲಿಲ್ಲವಲ್ಲ ಎಂಬುದು ನನ್ನನ್ನು ಚುಚ್ಚಿತು. ಚುಚ್ಚಿದ್ದನ್ನು ಹೆಂಡತಿಗೆ ವರ್ಗಾಯಿಸಿದೆ.

ನನ್ನ ವಾದ ಸರಳ. ನಮ್ಮಲ್ಲಿರುವ ಸ್ಟೀಲ್ ಪಾತ್ರೆಗಳೆಲ್ಲ ಊರಿನಿಂದ ಬಂದವು. ಅರ್ಧಕ್ಕೆ ನನ್ನ ಅಮ್ಮನ ಹೆಸರು, ಇನ್ನರ್ಧಕ್ಕೆ ಅವಳ ಅಮ್ಮನ ಹೆಸರು ಕೊರೆಸಲಾಗಿದೆ. ಫ್ರೈ ಬ್ರೆಡ್ ಹಿಟ್ಟನ್ನು ನಾನು ನನ್ನ ಅಮ್ಮನ ಪಾತ್ರೆಯಲ್ಲೇ ಕಲಸಿದ್ದೆ.

"ಹೆಸರು ಓದ್ಕೊಂಡೇ ಎತ್ಕೊಂಡ್ ಹೋದೆ ಕಣೇ. ನೀನೂ ಅಮ್ಮನ ಪಾತ್ರೇಲೇ ಬನ್ಸ್ ಕಲಸಿದ್ರೆ ನಾನೇನ್ ಮಾಡ್ಲಿ?"

"ನಾನಾ? ಅತ್ತೆಯ ಪಾತ್ರೆ ನಾನು ಮುಟ್ಟುವುದೇ ಇಲ್ಲ ಮಾರಾಯ್ರೆ. ಒಂದು ಗೀರು ಬಿದ್ದರೆ ಫೋನಿನಲ್ಲಿ ವಿಚಾರಣೆ ಆಗ್ತದೆ. ನೀವು ಓದಲೇ ಇಲ್ಲ, ಸುಮ್ಮನೆ ಎತ್ತಿದ್ದು."

ಆ ಪಾತ್ರೆ ಆಂಟಿಗೆ ಹಿಡಿಸಿ ಅವರಲ್ಲೇ ಉಳಿಯಿತು. ಇಪ್ಪತ್ತು ಹೆಜ್ಜೆ ನಡೆದು ಹೆಸರು ನೋಡಿ ಬರಬಹುದಿತ್ತು. ನಾನು ಹೋಗಲಿಲ್ಲ. ಅವಳೂ ಹೋಗಲಿಲ್ಲ, ಗೊತ್ತಿರುವುದನ್ನು ನೋಡುವುದೆಂತದ್ದು ಎಂದಳು. ನಾನು ಗಣೇಶನ ಹಬ್ಬದ ಊಟದಲ್ಲಿ ಪ್ರತಿ ವರ್ಷ ಕತೆ ಹೇಳಿ ನಗಿಸಿದೆ. ಹೋದ ವರ್ಷ ಅವಳು ನಗಲಿಲ್ಲ. "ಸುಳ್ಳಾದರೆ ಇದೇ ಜನರ ಎದುರು ಒಪ್ಪಿಕೊಳ್ಳಬೇಕು, ಆಯ್ತಾ?" ಎಂದಳು. ಆಯ್ತು ಎಂದುಬಿಟ್ಟೆ.

ಕಳೆದ ತಿಂಗಳು ಆಂಟಿ ಉತ್ತರದ ತಮ್ಮ ಊರಿಗೆ ಮನೆ ಬದಲಿಸಿದರು. ಹೊರಡುವ ದಿನ ಪಾತ್ರೆ ಹಿಂದಿರುಗಿಸಿದರು. ಬರಿದಾಗಿ ಅಲ್ಲ, ಬಿಸಿ ಬಿಸಿ ಫ್ರೈ ಬ್ರೆಡ್ ತುಂಬಿ, ಕಂಠದ ಸುತ್ತ ದೊಡ್ಡ ಬಟ್ಟೆ ಕಟ್ಟಿ. "ಇದು ಅಸಲಿ, ಬಾಯ್. ಜೀರಿಗೆ ಹುಡುಕಬೇಡ," ಎಂದರು.

ಅಡುಗೆಮನೆಯಲ್ಲಿ ಅದನ್ನು ನಡುವೆ ಇಟ್ಟುಕೊಂಡು ನಾವಿಬ್ಬರೂ ನಿಂತೆವು. "ಬಿಚ್ಚಿ," ಎಂದಳು ಹೆಂಡತಿ. "ಮೊದ್ಲು ತಿನ್ನೋಣ, ಬಿಸಿ ಇದೆ," ಎಂದೆ. ಗಂಟಿನಡಿಯಿಂದ ಕೈ ತೂರಿಸಿ ಒಂದೊಂದೇ ತೆಗೆದು ತಿಂದೆವು. ಆರು ತಿಂದ ಮೇಲೆ ಮುಂದೂಡಲು ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಆ ದಿನ ಶನಿವಾರವೋ, ಮಳೆ ಬಂದಿತ್ತೋ, ಬೇಲಿಯಾಚೆಯ ದನಿ ಅದೇ ಕ್ಷಣಕ್ಕೆ ಕೇಳಿಸಿತೋ, ಯಾವುದಕ್ಕೂ ನಾನು ಜವಾಬ್ದಾರನಲ್ಲ. ಒಂದನ್ನು ಮಾತ್ರ ಬಟ್ಟೆ ಬಿಚ್ಚಿ, ಕನ್ನಡಕ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ಓದಿ ಖಚಿತಪಡಿಸಿಕೊಂಡಿದ್ದೇನೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದಿರುವುದು ನನ್ನ ಹೆಂಡತಿಯ ತಾಯಿಯ ಹೆಸರು.