ಒಂದು ರೂಪಾಯಿಯ ಇಳಿಜಾರು

ನಾನು ಹಳೇಬೀಡಿನ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಸೇರಿದ ವರ್ಷ ಪೆಟ್ರೋಲ್ ದರ ಮೇಲಿಂದ ಮೇಲೆ ಏರುತ್ತಿತ್ತು. ದಿನಾಂಕ ಹಾಕಿ ಡೈರಿ ಬರೆಯುವ ಚಟ ನನಗೆ. ಆ ವರ್ಷದ ಪುಟಗಳಲ್ಲಿ ಪಾಠಕ್ಕಿಂತ ಪೆಟ್ರೋಲಿನ ಸುದ್ದಿಯೇ ಹೆಚ್ಚು.

ಅರಸೀಕೆರೆ ಸ್ಟೇಷನ್ ಎದುರಿನ ಸ್ಟ್ಯಾಂಡಿನಿಂದ ಒಂದು ಹಳೆಯ ಬಿಳಿ ಕಾರಿನಲ್ಲಿ ನಾವು ಕೆಲವರು ದಿನವೂ ಹಳೇಬೀಡಿಗೆ ಹೋಗುತ್ತಿದ್ದೆವು. ದರ ಏರಿದ ಬೆಳಿಗ್ಗೆ ಸ್ಟ್ಯಾಂಡಿನ ಡ್ರೈವರುಗಳ ತಮಾಷೆಗೆ ಬರವಿರಲಿಲ್ಲ.

"ಏನ್ಲಾ, ಎಷ್ಟು ಹಾಕುಸ್ದೆ?"

"ಹಾಕುಸ್ಲಿಲ್ಲ ಕಣ್ಲಾ. ಬಂಕ್ ಮುಂದೆ ನಿಲ್ಸಿ ಗಾಡಿಗೆ ವಾಸ್ನೆ ತೋರುಸ್ಕಂಡ್ ಬಂದೆ."

ನಮ್ಮ ಡ್ರೈವರ್ ಬಾಣಾವರದವರು. ಅವರು ಕೇಳುತ್ತಿದ್ದದ್ದು ತಲೆಗೆ ಒಂದು ರೂಪಾಯಿ ಹೆಚ್ಚಿಗೆ. ಎಲ್ಲರೂ ಒಪ್ಪಿದರೆ ಮಾತ್ರ ಚಾರ್ಜು ಏರಿಸುವುದು ನಮ್ಮ ಕಾರಿನ ಪದ್ಧತಿ. ಒಪ್ಪದವರು ಒಬ್ಬರೇ, ನಮ್ಮ ಶಾಲೆಯ ಹೆಡ್ ಮಿಸ್ಟ್ರೆಸ್ಸು.

"ರಸ್ತೆ ಏನು ಉದ್ದ ಆಗಿದ್ಯೇನಪ್ಪಾ?" ಎಂದರು ಅವರು.

"ಸರಿ ಮೇಡಮ್, ಹಳೇ ಚಾರ್ಜೇ ಕೊಡಿ. ಆದ್ರೆ ಏರು ಬಂದಾಗ ಇಳ್ದು ನಡೀಬೇಕು," ಎಂದರು ಡ್ರೈವರ್.

ಹೀಗೆ ಶುರುವಾಯಿತು ಅವರಿಬ್ಬರ ಸತ್ಯಾಗ್ರಹ. ಜಾವಗಲ್ ದಾಟಿದ ಮೇಲೆ ಸಿಗುವ ದೊಡ್ಡ ಏರಿನ ಬುಡದಲ್ಲಿ, ಹಳೇ ಚಾರ್ಜಿನವರೇ ಆದ ನಾವೆಲ್ಲ ಇಳಿಯುತ್ತಿದ್ದೆವು. ಖಾಲಿ ಕಾರು ಮೇಲಕ್ಕೆ ಹೋಗಿ, ಇಂಜಿನ್ ಆಫ್ ಮಾಡಿ ಕಾಯುತ್ತಿತ್ತು. ನಾವು ಏದುಸಿರು ಬಿಡುತ್ತಾ ಹೋಗಿ ಹತ್ತಿಕೊಳ್ಳಬೇಕು. ಕೊನೆಯ ಬಾಗಿಲು ಬಡಿದ ಸದ್ದು ಕೇಳಿದರೆ ಸಾಕು, ಡ್ರೈವರ್ ಹಿಂದೆ ತಿರುಗಿ ನೋಡದೆ ಹ್ಯಾಂಡ್‌ಬ್ರೇಕ್ ಬಿಡುತ್ತಿದ್ದರು. ಕಾರು ಸದ್ದಿಲ್ಲದೆ ಕೆಳಗಿನ ತಿರುವಿನವರೆಗೂ ಜಾರುತ್ತಿತ್ತು. ಒಂದೇ ವಾರದಲ್ಲಿ ಎಲ್ಲರೂ ಸೋಲುತ್ತಾರೆ ಎಂದು ಡ್ರೈವರ್ ಲೆಕ್ಕ. ಹೆಡ್ ಮಿಸ್ಟ್ರೆಸ್ಸು ಮಾತ್ರ ದಾರಿ ಬದಿಯ ಹೊಲದಲ್ಲಿ ಅಣ್ಣೆ ಸೊಪ್ಪು ಕಿತ್ತುಕೊಂಡು ಆರಾಮಾಗಿ ನಡೆದು ಬರುತ್ತಿದ್ದರು.

ಡೈರಿಯ ಪ್ರಕಾರ ಅದು ಮಂಗಳವಾರ. ಹೆಡ್ ಮಿಸ್ಟ್ರೆಸ್ಸು ಕೊನೆಯವರಾಗಿ ಏರಿನ ತುದಿಗೆ ಬಂದು, ಹಿಂದಿನ ಬಾಗಿಲು ತೆಗೆದು, ಬ್ಯಾಗನ್ನೂ ಊಟದ ಡಬ್ಬಿಯನ್ನೂ ಸೀಟಿನ ಮೇಲಿಟ್ಟು ಬಾಗಿಲು ಹಾಕಿದರು. ಇನ್ನೊಂದು ಹಿಡಿ ಸೊಪ್ಪು ಬೇಕೆನಿಸಿ ವಾಪಸ್ ತಿರುಗಿದರು. ಕೊನೆಯ ಬಾಗಿಲಿನ ಸದ್ದು ಅದೇ. ಕಾರು ಹೊರಟಿತು.

"ರೀ, ನಿಲ್ಸಿ, ಮೇಡಮ್ ಹತ್ತಿಲ್ಲ," ಎಂದರು ಹಿಂದೆ ಕೂತಿದ್ದ ಬ್ಯಾಂಕಿನವರು.

"ಈಗ ಬ್ರೇಕ್ ಹಾಕುದ್ರೆ ಇಳಿಜಾರು ದಂಡ ಆಯ್ತದೆ ಸಾ. ಕೆಳಗೋಗಿ ಮಾತಾಡಣ."

ತಿರುವಿನಲ್ಲಿ ಕಾರು ತಾನಾಗಿ ನಿಂತಿತು. ಡ್ರೈವರ್ ಒಮ್ಮೆ ಏರನ್ನು, ಒಮ್ಮೆ ಪೆಟ್ರೋಲ್ ಮುಳ್ಳನ್ನು ನೋಡಿದರು. "ಅವ್ರೇ ನಡ್ಕಂಡ್ ಬರಲ್ವಾ? ಅಭ್ಯಾಸ ಐತಲ್ಲ," ಎಂದರು. ಯಾರೂ ನಗಲಿಲ್ಲ. ನಿಟ್ಟುಸಿರು ಬಿಟ್ಟು ಇಂಜಿನ್ ಶುರು ಮಾಡಿ ಕಾರು ತಿರುಗಿಸಿದರು. ನಮ್ಮನ್ನು ಇಳಿಸುವುದನ್ನೂ ಮರೆತಿದ್ದರು.

ಅರ್ಧ ಏರಿದ್ದೆವು. ಎದುರಿಗೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಇಳಿದು ಬಂತು. ಮಡ್‌ಗಾರ್ಡಿನ ಮೇಲೆ ನಮ್ಮ ಹೆಡ್ ಮಿಸ್ಟ್ರೆಸ್ಸು, ಮಡಿಲಲ್ಲಿ ಸೊಪ್ಪು. ಟ್ರ್ಯಾಕ್ಟರ್ ನಿಲ್ಲಲಿಲ್ಲ. ಡೀಸೆಲ್ಲೂ ಏರಿತ್ತಲ್ಲ, ಅವನೂ ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದ. ಅವರು ಕೈ ಬೀಸಿದರು, ಅಷ್ಟೇ.

ಡ್ರೈವರ್ ಅಲ್ಲೇ ಕಾರು ತಿರುಗಿಸಬಹುದಿತ್ತು. "ಇಷ್ಟು ಸುಟ್ಟಾಗೈತೆ, ಪೂರ್ತಿ ಇಳಿಜಾರನ್ನಾರ ವಸೂಲಿ ಮಾಡಣ," ಎಂದು ತುದಿಯವರೆಗೂ ಹೋಗಿ, ಮತ್ತೆ ಇಂಜಿನ್ ಆಫ್ ಮಾಡಿ ಜಾರಿದರು.

ನಾನು ಶಾಲೆಗೆ ಓಡಿ ಬಂದಾಗ ಪ್ರಾರ್ಥನೆ ಮುಗಿದಿತ್ತು. ಹೆಡ್ ಮಿಸ್ಟ್ರೆಸ್ಸು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದರು. ಮೊದಲು ನನ್ನ ಕೈಯಿಂದ ಅವರ ಬ್ಯಾಗು, ಊಟದ ಡಬ್ಬಿ ಇಸಿದುಕೊಂಡು, ಆಮೇಲೆ ಸಹಿ ಹಾಕಲು ಬಿಟ್ಟರು.

"ಟ್ರ್ಯಾಕ್ಟರಿನವನು ಏರಲ್ಲಿ ಇಳೀರಿ ಅನ್ಲಿಲ್ಲ ನೋಡಿ, ಮೇಷ್ಟ್ರೇ."

ಸಂಜೆ ಅವರು ಡ್ರೈವರ್ ಕೈಗೆ ಒಂದು ರೂಪಾಯಿ ಹೆಚ್ಚಿಗೆ ಇಟ್ಟರು. "ನೀನು ಎರಡೆರಡು ಸಲ ಏರು ಹತ್ತಿದ್ಯಂತೆ. ಪಾಪ, ಇಟ್ಕೊ." ಮರುದಿನದಿಂದ ಎಲ್ಲರಿಗೂ ಹೊಸ ಚಾರ್ಜು. ಯಾರೂ ಇಳಿಯಬೇಕಿರಲಿಲ್ಲ. ಡ್ರೈವರ್ ಸ್ಟ್ಯಾಂಡಿನಲ್ಲಿ ಎದೆಯುಬ್ಬಿಸಿ ತಿರುಗಿದರು.

ಕೆಲವೇ ವಾರಗಳಲ್ಲಿ ಪೆಟ್ರೋಲ್ ಮತ್ತೆ ಏರಿತು. ಆ ಬೆಳಿಗ್ಗೆ ಡ್ರೈವರ್ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟರು. ಹೆಡ್ ಮಿಸ್ಟ್ರೆಸ್ಸು ಏನೂ ಕೇಳಿಸಿಕೊಳ್ಳದವರಂತೆ ಹಿಂದಿನ ಬಾಗಿಲ ಪಕ್ಕ ಕೂತರು. ಕಾಲಲ್ಲಿ ಹೊಸ ಕ್ಯಾನ್ವಾಸ್ ಶೂ, ಕೈಯಲ್ಲಿ ಸೊಪ್ಪಿಗೆಂದು ಬೇರೆಯೇ ಒಂದು ಚೀಲ.