ಸಾಬರ ಮೇಜಿನ ಮೇಲೆ ಬಾಳೆಲೆಯ ಕಲೆ

ಎಲೆ ಎತ್ತಿದ್ದಾಗಿತ್ತು... ಆದರೂ ಎಲೆ ಅಲ್ಲೇ ಇತ್ತು!

ನಿಜವಾದ ಬಾಳೆಲೆ ಆಗಲೇ ತಿಪ್ಪೆ ಸೇರಿತ್ತು. ಮೇಜಿನ ಮೇಲೆ ಉಳಿದದ್ದು ಅದರ ಬೆಳ್ಳನೆಯ ಗುರುತು. ತುದಿ, ಅಂಚು, ನಡುವಿನ ದಂಟು ಸಮೇತ.

ಮೇಜು ನನ್ನದಾಗಿದ್ದರೆ ಚಿಂತೆ ಇರಲಿಲ್ಲ. ಪಕ್ಕದ ಮನೆಯ ಕರೀಂ ಸಾಬರದು, ಬಟ್ಟೆ ಅಂಗಡಿಯವರು. ನಿಜ ಹೇಳಬೇಕೆಂದರೆ ಅವರದೂ ಅಲ್ಲ, ಅವರ ಮಗಳು ಜೈಬುನ್‌ಳದು. ಹಿತ್ತಲಲ್ಲಿ ಬಿದ್ದ ಹಲಸಿನ ಮರ ಕೊಯ್ಸಿ, ಪಕ್ಕದ ಹಳ್ಳಿ ಆವತಿಯ ಆಚಾರಿ ಕೈಲಿ ಮಾಡಿಸಿ, ಪಾಲಿಷ್ ಹೊಡೆಸಿ, ಮದುವೆಯಾದ ಮಗಳ ಜೊತೆ ಹೊಸಕೋಟೆಗೆ ಕಳಿಸಲು ಇಟ್ಟಿದ್ದರು.

ಆ ಹುಡುಗಿ ಅದೇ ಮರದ ಕೊಂಬೆ ಮೇಲೆ ಕೂತು ನನಗೆ ಮಗ್ಗಿ ಒಪ್ಪಿಸಿದವಳು.

ಸಾಮಾನಿನ ಗಾಡಿ ಹೊರಡೋದು ನಾಡಿದ್ದು ಬೆಳಿಗ್ಗೆ.

ಅಂಥ ಮೇಜನ್ನು ನಾನ್ಯಾಕೆ ತಂದೆ? ದೇವನಹಳ್ಳಿಯ ನಮ್ಮ ಸ್ಕೂಲಿಗೆ ಇನ್‌ಸ್ಪೆಕ್ಟರ್ ಬಂದಿದ್ದರು. ಹೆಡ್‌ಮಾಸ್ಟರ್ ನಾನಾದ್ದರಿಂದ ಊಟ ನಮ್ಮ ಮನೆಯಲ್ಲೇ. ಮಂಡಿ ನೋವು, ನೆಲದ ಮೇಲೆ ಕೂರಲಾರೆ ಅಂತ ಮುಂಚೆಯೇ ಹೇಳಿಕಳಿಸಿದ್ದರು. ನಮ್ಮ ಮನೆಯಲ್ಲಿ ಮಣೆಗಳಿವೆ, ಮೇಜಿಲ್ಲ.

"ಒಂದು ಹೊತ್ತಿಗೆ ತಾನೇ, ತಗೊಂಡ್ ಹೋಗಿ ಮೇಷ್ಟ್ರೇ. ಹುಷಾರು, ಜೈಬುನ್ ದಿನಾ ಅದರ ಧೂಳು ಒರೆಸ್ತಾಳೆ" ಅಂದಿದ್ದರು ಸಾಬರು.

ಮೇಜಿನ ಮೇಲೆ ಬಡಿಸೋದು ಹೇಗೆ ಅಂತ ನಮಗೇನು ಗೊತ್ತು? ನೆಲಕ್ಕೆ ಹೇಗೋ ಹಾಗೆ. ನೀರು ಚಿಮುಕಿಸಿ ಎಲೆ ಹಾಸಿದೆವು. ಹಬೆಯಾಡುವ ಅನ್ನ, ಅದರ ಮೇಲೆ ಕುದಿಯುವ ಹುಳಿ. ಇನ್‌ಸ್ಪೆಕ್ಟರು ಮೂರು ಸಲ ಹಾಕಿಸಿಕೊಂಡರು. ಸ್ಕೂಲು ಚೆನ್ನಾಗಿದೆ ಅಂದರು.

ಅವರನ್ನು, ಪೆಟ್ರೋಲಿಲ್ಲದ ಈ ಯುದ್ಧಕಾಲದ ಇದ್ದಿಲ ಬಸ್ಸು ಹತ್ತಿಸಿ ನಾನು ವಾಪಸ್ ಬರುವಷ್ಟರಲ್ಲಿ...

ಅಮ್ಮ ಎಲೆ ತೆಗೆದು, ಮೇಜಿಗೆ ಸಗಣಿ ಸಾರಿಸಿಬಿಟ್ಟಿದ್ದಳು!

"ಏನಮ್ಮಾ ಇದು?"

"ಉಂಡ ಜಾಗ ಕಣೋ. ಎಂಜಲು ಹಾಗೇ ಬಿಡಕ್ಕಾಗತ್ತಾ? ನೆಲ ಆದ್ರೇನು, ಮೇಜಾದ್ರೇನು?"

ತೊಳೆದೆ. ಹಸಿರು ಹೋಯಿತು. ಹುಳಿಯ ಅರಿಶಿನ ಹಲಸಿನ ಹಳದಿಯಲ್ಲೇ ತಲೆಮರೆಸಿಕೊಂಡಿತು. ಬಿಸಿಗೂ ನೀರಿಗೂ ಪಾಲಿಷ್ ಬೆಳ್ಳಗಾಗಿತ್ತಲ್ಲ, ಆ ಎಲೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ನಿಂಬೆಹಣ್ಣು ಉಜ್ಜಿದೆ, ಬಿಳಿ ಇನ್ನಷ್ಟು ಬೆಳಗಿತು. ಅಮ್ಮ ಹುಣಸೆಹಣ್ಣು ಹಿಡಿದು ಬಂದಳು. ಇದು ಹಿತ್ತಾಳೆ ಚೊಂಬಲ್ಲ ತಾಯಿ ಅಂತ ಕೈಮುಗಿದೆ.

ಸೈಕಲ್ ತುಳಿದು ಆವತಿಗೆ ಹೋದೆ. "ಯುದ್ಧ ಸ್ವಾಮಿ... ಪಾಲಿಷ್‌ಗೆ ಸ್ಪಿರಿಟ್ಟೂ ಇಲ್ಲ, ಅರಗೂ ಇಲ್ಲ. ಮೇಲೊಂದು ಬಟ್ಟೆ ಹೊದಿಸಿ ಕೊಟ್ಬಿಡಿ" ಅಂದ ಆಚಾರಿ.

ಹೊದಿಸಬಹುದಿತ್ತು. ಹೊಸಕೋಟೆಯಲ್ಲಿ ಆ ಬಟ್ಟೆ ಎತ್ತಿದ ದಿನ ಜೈಬುನ್‌ಳ ಅತ್ತೆ "ಹಳೇ ಮೇಜು ತಂದಿದ್ದೀಯಲ್ಲ" ಅಂದರೆ? ಸೈಕಲ್ ತಿರುಗಿಸಿ ಬರಿಗೈಲಿ ಮನೆಗೆ ಬಂದೆ.

ಸಂಕಟ ಬಂದರೆ ನನಗೆ ಪ್ರಾಸ ಬರುತ್ತೆ, ಗೆಳೆಯರಾದ ನಿಮಗೆ ಗೊತ್ತೇ ಇದೆ.

ಉಂಡವರು ಸೇರಿದರು ಊರು,
ಉಣಿಸಿದವನ ಕಣ್ಣಲ್ಲಿ ನೀರು!

"ಪದ ಕಟ್ಟಿದ್ರೆ ಕಲೆ ಹೋಗತ್ತೇನೋ? ಉಜ್ಜೋ ಮೊದ್ಲು" ಅಂದಳು ಅಮ್ಮ.

ಮಾರನೇ ಬೆಳಿಗ್ಗೆ ಸ್ನಾನ ಮುಗಿಸಿ, ತಲೆಗೆ ಕೊಬ್ಬರಿ ಎಣ್ಣೆ ತಟ್ಟಿ, ಹಣೆಗೆ ವಿಭೂತಿ ಬಳಿದು ಸ್ಕೂಲಿಗೆ ಹೊರಟವನು ಮೇಜು ನೋಡಿ ಅಲ್ಲೇ ಕುಸಿದು ಕೂತೆ. ಅದರ ಮೇಲೇ ಹಣೆ ಇಟ್ಟುಬಿಟ್ಟೆ. ಅಯ್ಯೋ ಅಯ್ಯೋ ಅಂತ ಹಣೆ ಅತ್ತಿತ್ತ ಹೊರಳಿಸುತ್ತಾ ಎಷ್ಟು ಹೊತ್ತು ಕೂತಿದ್ದೆನೋ...

ತಲೆ ಎತ್ತಿ ನೋಡ್ತೀನಿ, ಹಣೆ ಉಜ್ಜಿದಷ್ಟು ಜಾಗದಲ್ಲಿ ಬಿಳಿ ಇಲ್ಲ!

ಎಣ್ಣೆ, ವಿಭೂತಿ. ಅಷ್ಟೇ!

ಸ್ಕೂಲಿಗೆ ರಜಾ ಚೀಟಿ ಹೋಯಿತು. ವಿಭೂತಿ ಗಟ್ಟಿಯನ್ನು ನುಣ್ಣಗೆ ಪುಡಿಮಾಡಿ, ಎಣ್ಣೆಯಲ್ಲಿ ಕಲೆಸಿ, ಹಳೇ ಪಂಚೆಯ ಚೂರಿನಲ್ಲಿ ಅಮ್ಮನೂ ನಾನೂ ಮೆಲ್ಲಗೆ ಉಜ್ಜಿದೆವು. ಮರದ ಗೆರೆ ಹೋದ ಕಡೆಗೇ, ಅಡ್ಡಡ್ಡ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಎಲೆ ತುದಿಯಿಂದ ಕರಗುತ್ತಾ ಕರಗುತ್ತಾ ಮಾಯ.

ಆದರೆ ಎಡವಟ್ಟು ಆದದ್ದೇ ಆಗ. ಕಲೆ ಹೋದ ಜಾಗ ಎಲೆಯ ಆಕಾರದಲ್ಲೇ ಫಳಫಳ ಹೊಳೀತಿದೆ! ಸುತ್ತಲಿನ ಮೇಜೆಲ್ಲ ಮಂಕು.

ಸರಿಯಾಗಿ ಅದೇ ಹೊತ್ತಿಗೆ ಸಾಬರು ಬಂದರು. ಹಿಂದೆ ಜೈಬುನ್.

ಮೇಜಿಗೆಲ್ಲ ವಿಭೂತಿ, ನನ್ನ ಮೀಸೆಗೂ ವಿಭೂತಿ. "ಏನ್ ಮೇಷ್ಟ್ರೇ, ನಮ್ ಮೇಜಿಗೆ ದೀಕ್ಷೆ ಕೊಡ್ತಿದ್ದೀರಾ?"

ಏನೂ ಮುಚ್ಚಿಡಲಿಲ್ಲ. ಅನ್ನದಿಂದ ಸಗಣಿಯವರೆಗೆ ಎಲ್ಲ ಒಪ್ಪಿಸಿದೆ, ಮಗ್ಗಿ ತಪ್ಪಿದ ಹುಡುಗನ ಹಾಗೆ. ಸಾಬರ ನಗು ನಿಂತುಹೋಯಿತು. ಬಗ್ಗಿ ಹೊಳೆಯುವ ಎಲೆಯ ಮೇಲೆ ಬೆರಳಾಡಿಸಿದರು, ಪಕ್ಕದ ಮಂಕಿನ ಮೇಲೂ ಆಡಿಸಿದರು.

ಜೈಬುನ್ ಮಾತ್ರ ಎರಡನ್ನೂ ದಿಟ್ಟಿಸಿ ನೋಡಿ, "ಇಷ್ಟೇ ಜಾಗ ಚೆನ್ನಾಗಿದೆ. ಮಿಕ್ಕಿದ ಕಡೆ ಯಾಕೆ ಊಟ ಬಡಿಸ್ಲಿಲ್ಲ ಮೇಷ್ಟ್ರೇ?" ಅಂದಳು.

ಸಾಬರು ನಕ್ಕ ನಗುವಿಗೆ ಬೀದಿಯ ನಾಯಿ ಎದ್ದು ಓಡಿತು.

ಆಮೇಲೆ ಅಂಗಿ ತೋಳು ಮಡಿಸಿ ಅವರೂ ಕೂತರು. ಅವರೊಂದು ಕಡೆ, ನಾನೊಂದು ಕಡೆ, ನಾಲ್ಕು ಕಾಲೂ ಬಿಡದೆ ಉಜ್ಜಿದೆವು. ನನ್ನ ದೇವರ ಮನೆಯ ವಿಭೂತಿ ಅಲ್ಲಿಗೆ ಖಾಲಿ.

ಬೆಳಿಗ್ಗೆ ಗಾಡಿಗೆ ಏರಿಸುವಾಗ ಮೇಜು ಕನ್ನಡಿಯ ಹಾಗಿತ್ತು. ಜೈಬುನ್ ಅದರಲ್ಲಿ ನೋಡಿಕೊಂಡೇ ತಲೆಯ ಸೆರಗು ಸರಿಮಾಡಿಕೊಂಡಳು. ಅಮ್ಮ ಎಲ್ಲಿ ಬಚ್ಚಿಟ್ಟಿದ್ದಳೋ, ಒಂದು ಪೊಟ್ಟಣ ವಿಭೂತಿ ತಂದು ಅವಳ ಕೈಗಿಟ್ಟಳು.

"ಬಿಸಿ ಇಡ್ಬೇಡ ಕಣಮ್ಮಾ. ಇಟ್ರೆ ಇದನ್ನ ಹಚ್ಚು. ಸಗಣಿ ಮಾತ್ರ ಬೇಡ."

ಗೆಳೆಯರೇ, ಒಬ್ಬರು ಬರೆದು ಇನ್ನೊಬ್ಬರಿಗೆ ಕಳಿಸುವ ಈ ನಮ್ಮ ಸುತ್ತು ನೋಟ್‌ಬುಕ್ ನಿಮ್ಮ ಕೈಗೆ ಬಂದಾಗ ಅಂಚಿನಲ್ಲಿ ಬರೆಯಿರಿ... ಎರವಲು ತಂದದ್ದನ್ನು ತಂದಾಗಿನದಕ್ಕಿಂತ ಚೆನ್ನಾಗಿ ಮಾಡಿ ಕೊಟ್ಟವನಿಗೆ, ನೀವಾದರೆ ಇನ್ನೊಂದು ಸಲ ಮೇಜು ಕೊಡ್ತೀರಾ?