ಹೊಸ್ತಿಲಾಚೆಯ ಬೂಟುಗಳು

ನಮ್ಮಕ್ಕನಿಗೆ ಬಂದ ವರನ ಫೋಟೋದಲ್ಲಿ ವರ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಬಿದ್ದುಹೋದ ಊರು ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು.

ಶಿಕಾರಿಪುರದಿಂದ ಅದನ್ನು ತಂದವನು ನಮ್ಮ ಸೋದರಮಾವ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ವರ ಮೀಸೆ ಚಿಗುರುವಾಗಲೇ ಮಿಲಿಟರಿ ಸೇರಿ, ಇಟಲಿಯಲ್ಲಿ ಲಾರಿ ಓಡಿಸಿ, ಈಗ ಶಿಕಾರಿಪುರದಲ್ಲಿ ಬಸ್ ಡ್ರೈವರಾಗಿದ್ದ. ಯುದ್ಧ ನಿಂತ ಹೊಸತರಲ್ಲಿ ಜೊತೆಗಾರನೊಬ್ಬ ತೆಗೆದ ಈ ಫೋಟೋ ಬಿಟ್ಟರೆ ಅವನದು ಬೇರೆ ಇರಲಿಲ್ಲವಂತೆ. ಸ್ಟುಡಿಯೋಕ್ಕೆ ಹೋಗಿ ಒಂದು ತೆಗೆಸಿಕೊಳ್ಳಲು ಇವನಿಗೇನು ಧಾಡಿ ಎಂದು ನನಗೆ ಸಿಟ್ಟು. ಅಕ್ಕನದಾಗದೆ ನನ್ನ ಸರದಿ ಬರುವಂತಿರಲಿಲ್ಲ ನೋಡಿ.

ಸೊರಬದ ನಮ್ಮ ಜಗಲಿಯಲ್ಲಿ ಫೋಟೋ ಕೈಯಿಂದ ಕೈಗೆ ಹೋಯಿತು. ಅಪ್ಪಯ್ಯ ಕನ್ನಡಕ ಏರಿಸಿ ನೋಡಿ, "ಅವರ ಮನೆ ಈ ಗತೀಲಿದ್ಯನೋ?" ಎಂದರು.

"ಅವರ ಮನೆಯಲ್ಲ ಭಾವ, ಅದು ಇಟಲಿ. ಬಾಂಬ್ ಬಿದ್ದಿದ್ದು," ಎಂದ ಮಾವ.

"ಬಿದ್ದ ಮನೇಲಿ ಕೂತು ಯಾರಾದ್ರೂ ಹೆಣ್ಣು ಕೇಳೋಕೆ ಫೋಟೋ ತೆಗೆಸ್ತಾರೇನೋ?"

"ಆಗ ಹೆಣ್ಣು ಕೇಳೋ ಯೋಚನೆ ಇರಲಿಲ್ಲ ಭಾವ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಇಲ್ಲಿ ಮನೆ ಬಿದ್ದು ಮದುವೆಗೂ ಅಡ್ಡ ಬಂದಿತ್ತು. ಚಿತ್ರದಲ್ಲಿ ಗೋಡೆಯಿಲ್ಲ, ಸೂರಿಲ್ಲ. ಕಲ್ಲುರಾಶಿಯ ನಡುವೆ ಒಂದು ಬಾಗಿಲ ಚೌಕಟ್ಟು ಮಾತ್ರ ನಿಂತಿದೆ. ಅದರ ಒಳಗೆ, ಒಳಗೆ ಎನ್ನಬಹುದಾದರೆ, ಸಪೂರ ಸಿಪಾಯಿಯೊಬ್ಬ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತಿದ್ದಾನೆ. ತಲೆಗೆ ಬಟ್ಟೆ ಕಟ್ಟಿದ ಮುದುಕಿ ಬಗ್ಗಿ ಅವನ ತಟ್ಟೆಗೆ ಏನನ್ನೋ ಬಡಿಸುತ್ತಿದ್ದಾಳೆ.

ಮೊಸರಲ್ಲಿ ಕಲ್ಲು ಹುಡುಕುವುದೆಂದರೆ ನಮ್ಮಜ್ಜಿಗೆ ಪ್ರಾಣ. ಅಪ್ಪಯ್ಯನ ಕನ್ನಡಕ ಕಿತ್ತುಕೊಂಡು ಶುರು ಮಾಡಿದಳು. "ಮುದುಕಿದು ಬೋಳು ಹಣೆ. ಅದರ ಕೈಯಲ್ಲಿ ಏನು ತಿಂದನೋ ಏನೋ. ಬಾಗಿಲಿಗೆ ಒರಗಿಸಿದ್ದು ಪೊರಕೆ ಅಲ್ದಾ? ಶುಭಕಾರ್ಯದ ಫೋಟೋದಲ್ಲಿ ಪೊರಕೆ. ವಾಪಸ್ ಕಳಿಸು ಅತ್ಲಾಗೆ." ತನ್ನ ಹಣೆಯೂ ಬೋಳೆಂಬುದು ಅವಳಿಗೆ ಆಗ ಮರೆತಿತ್ತು.

ಫೋಟೋ ವಾಪಸ್ ಹೋಯಿತೆಂದರೆ ಸಂಬಂಧ ಬೇಡವೆಂದೇ ಅರ್ಥ. ಮಾವ ಸಂಜೆ ಬಸ್ಸಿಗೆ ಹೊರಡುವವನಿದ್ದ. ಹೀಗೆ ಅಳೆದೂ ಸುರಿದೂ ಹಿಂದಕ್ಕೆ ಕಳಿಸಿದ ಫೋಟೋಗಳು ಆಗಲೇ ಸಾಕಷ್ಟಿದ್ದವು. ಒಂದನ್ನೂ ಅಕ್ಕನಿಗೆ ತೋರಿಸಿರಲಿಲ್ಲ. ಪ್ರತಿ ಸಲವೂ ಅವಳು ಒಲೆ ಊದುವ ನೆವದಲ್ಲಿ ಅಳುತ್ತಿದ್ದಳು, ನನಗೆ ಅದನ್ನು ನೋಡಿ ಸಾಕಾಗಿತ್ತು. ಎಲ್ಲರೂ ಕಾಫಿ ಕುಡಿಯುವ ಹೊತ್ತಿಗೆ ಫೋಟೋ ಹಾರಿಸಿಕೊಂಡು ಹೋಗಿ ಅವಳ ಕೈಗಿಟ್ಟೆ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು: ಜಗಲಿಗೆ ಬಂದು ತನ್ನ ಮದುವೆಯ ಮಾತು ತಾನೇ ಆಡಿದಳು.

"ಅಪ್ಪಯ್ಯ, ಬೂಟು ನೋಡು."

ಬೂಟುಗಳು ಚೌಕಟ್ಟಿನ ಈಚೆ, ಹೊಸ್ತಿಲ ಹೊರಗೆ ಜೋಡಿಸಿಟ್ಟಿದ್ದವು. ಒಳಗೆ ಕೂತವನದು ಬರಿಗಾಲು.

"ಗೋಡೆ ಇಲ್ಲ. ಯಾವ ಕಡೆಯಿಂದಾದ್ರೂ ನುಗ್ಗಬಹುದಿತ್ತು. ಬೂಟು ಬಿಚ್ಚಿಟ್ಟು ಬಾಗಿಲಲ್ಲೇ ಹೋಗಿದಾರೆ."

ಆಗಲೇ ಬಹುವಚನ ಬಂದಿತ್ತು. ಮಾವ ಕೆಮ್ಮಿದ. ಸಂಜೆ ಅವನು ಫೋಟೋ ಇಲ್ಲೇ ಬಿಟ್ಟು ಬರಿಗೈಲಿ ಬಸ್ ಹತ್ತಿದ.

ಮದುವೆಯಾಯಿತು. ಅಜ್ಜಿ ಮಾತ್ರ ಪೊರಕೆಯನ್ನು ಕ್ಷಮಿಸಲಿಲ್ಲ, ಫೋಟೋವನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಭಾವ ಮೊದಲ ಹಬ್ಬಕ್ಕೆ ಬಂದು ಊಟಕ್ಕೆ ಕೂತಾಗ ನಾನು ತಡೆಯಲಾರದೆ ಬೂಟಿನ ವಿಷಯ ಕೇಳಿಯೇಬಿಟ್ಟೆ.

"ಅವಾ? ಕಾಲು ಕಚ್ತಿದ್ವು," ಎಂದರು.

ಅಕ್ಕನ ಕೈಯ ಸೌಟು ನಿಂತಿತು. ಆ ಒಂದು ಜೊತೆ ಬೂಟನ್ನು ನಂಬಿ ಅವಳು ಕೊರಳು ಒಡ್ಡಿದ್ದಳು.

"ಹಾಗಾದ್ರೆ ಒಳಗೆ ಹೋಗಿ ಬಿಚ್ಚಬಹುದಿತ್ತಲ್ಲ ಭಾವ?"

ಅವರು ನನ್ನನ್ನು ಶುದ್ಧ ದಡ್ಡಿಯೆಂಬಂತೆ ನೋಡಿದರು. "ಹ್ಯಾಂಗ್ ಹೋಗೋದು? ಆ ಮುದುಕಿ ಆಗಷ್ಟೇ ಕಸ ಹೊಡೆದಿದ್ಲು."

ಅಕ್ಕ ಅವರ ಎಲೆಗೆ ಪಾಯಸ ಬಡಿಸಿದಳು, ಸಾಕೆಂದರೂ ಬಡಿಸಿದಳು. ಬಾಗಿಲ ಬಳಿ ಕೂತಿದ್ದ ಅಜ್ಜಿ ಕೇಳಿದಳು, "ಬಿದ್ದ ಮನೇನಾ ಗುಡಿಸಿದ್ದು?"

"ಹೌದು ಅಜ್ಜಿ. ದಿನಾ ಬೆಳಿಗ್ಗೆ."

"ಮತ್ತೇನು ಮಾಡ್ತಾಳೆ ಪಾಪ," ಎಂದಳು ಅಜ್ಜಿ. "ನಾನಾದ್ರೂ ಗುಡಿಸ್ತಿದ್ದೆ."

ಆಮೇಲೆ ನನ್ನ ಕಡೆ ತಿರುಗಿ, ಒಂದು ಮೊಳೆ ಹುಡುಕಿ ತಾ ಎಂದಳು.